ಸಿಳ್ಳಾರದ ಪೂರ್ವಪಕ್ಷ

ಕ್ಯಾಂಪ್‌ಬೆಲ್, ಕ್ಯಾಲಿಫೋರ್ನಿಯಾ
೯ ಫೆಬ್ರವರಿ ೧೯೮೬
ಕ್ರೋಧನ ಸಂವತ್ಸರ, ಮಾಘ ಶುದ್ಧ ಪಾಡ್ಯ

ಚಿರಂಜೀವಿ ಮೈಥಿಲಿಗೆ ತಂದೆ ಅನಂತಪದ್ಮನಾಭನು ಶ್ರೇಯಸ್ಸನ್ನು ಕೋರಿ ಬರೆಯುವುದೇನೆಂದರೆ—

ಮಿಸಿಸಿಪಿಯ ಪೈನ್ ಕಾಡಿನಿಂದ ನೀನು ಬರೆದ ಕಾಗದ ನಿನ್ನೆ ಕೈಸೇರಿತು. ನಿನ್ನ ಶಿಬಿರದಲ್ಲಿ ಟೆಲಿಫೋನು ಇಲ್ಲದಿರುವುದು ನನ್ನ ಪುಣ್ಯವಿಶೇಷ. ನಿನ್ನ ಅಣ್ಣ ಗುರುಪ್ರಸಾದನು ಆ ಯಂತ್ರವನ್ನು ನನ್ನ ಕಿವಿಗೆ ಹಿಡಿದಾಗಲೆಲ್ಲ ‘ಕ್ಷೇಮ, ಕ್ಷೇಮ’ ಎಂದು ಎರಡು ಸಲ ಹೇಳಿ ಹಿಂದಿರುಗಿಸುತ್ತೇನೆ. ಅವನು ಅದನ್ನು ಸಂಭಾಷಣೆಯೆಂದು ತಿಳಿದಿದ್ದಾನೆ.

ನೀನು ಬರೆದುದನ್ನು ಗ್ರಹಿಸಿದ ರೀತಿಯಲ್ಲಿ ಒಪ್ಪಿಸುತ್ತೇನೆ, ತಪ್ಪಿದ್ದರೆ ತಿದ್ದು. ನಿಮ್ಮ ಕಾಡಿನಲ್ಲಿ ಒಂದು ಜಾತಿಯ ಮರಕುಟಿಗವಿದೆ. ಜೀವಂತವಾಗಿರುವ, ಮುಪ್ಪಾದ ಪೈನ್ ಮರವನ್ನಲ್ಲದೆ ಬೇರೊಂದನ್ನು ಅದು ಕೊರೆಯುವುದಿಲ್ಲ. ಒಂದು ಪೊಟರೆಗೆ ವರ್ಷಗಳೇ ಹಿಡಿಯುತ್ತವೆ. ಅಂಥ ಮರಗಳು ಕೊಡಲಿಗೆ ತುತ್ತಾದುದರಿಂದ ಹಕ್ಕಿ ಅಳಿವಿನ ಅಂಚಿಗೆ ಬಂದಿದೆ. ಉಳಿದ ಪೈನುಗಳ ನಡುವೆ ಓಕ್ ಮೊದಲಾದ ಅಗಲೆಲೆಯ ಗಿಡಗಳು ಪೊಟರೆಯ ಮಟ್ಟಕ್ಕೆ ಬೆಳೆದರೆ ಅದು ಮನೆ ತೊರೆದು ಹೋಗುತ್ತದೆ. ಆದುದರಿಂದ ಆ ಗಿಡಗಳನ್ನು ಕಡಿದು, ನೆಲಕ್ಕೆ ಹದವರಿತು ಬೆಂಕಿಯಿಟ್ಟು, ಕಾಡನ್ನು ಕಂಬಸಾಲಿನ ಮಂಟಪದಂತೆ ತೆರವು ಮಾಡುತ್ತೀರಿ. ಮರಕುಟಿಗ ಮರಳಿತು. ಅದರ ಜೊತೆಗೆ ಹುಲ್ಲುಗುಬ್ಬಿಗಳೂ ಲಾವಕ್ಕಿಗಳೂ ಹೆಚ್ಚಿದವು. ಆದರೆ ಓಕ್ ಪೊದೆಗಳಲ್ಲಿ ಗೂಡು ಕಟ್ಟುತ್ತಿದ್ದ ಸಿಳ್ಳಾರವೂ ಕರಿಮುಸುಕಿನ ಉಲಿಯಕ್ಕಿಯೂ ತೆರವಾದ ಕಡೆಗಳಲ್ಲಿ ಕಾಣಲೇ ಇಲ್ಲ. ಇದು ನಿನ್ನ ಶೋಧನೆ.

ನಿನ್ನ ಗುರುಗಳಾದ ಡಾಕ್ಟರ್ ಹಾರ್ಲನ್ನರು ಹೆಚ್ಚಿದ ಹಕ್ಕಿಗಳನ್ನು ಹೇಳು, ಹೋದ ಹಕ್ಕಿಗಳನ್ನು ಬಿಡು ಎನ್ನುತ್ತಾರೆ. ಹೇಳಿದರೆ ಮರದ ಕಂಪನಿಯ ವಕೀಲರು ಅದೊಂದನ್ನೇ ಎತ್ತಿ ಹಿಡಿದು, ಈ ಹಕ್ಕಿಯ ರಕ್ಷಣೆಯೇ ಇತರ ಹಕ್ಕಿಗಳಿಗೆ ಶಿಕ್ಷೆಯೆಂದು ನ್ಯಾಯಾಲಯದಲ್ಲಿ ವಾದಿಸಿ, ಉಳಿದ ಮುಪ್ಪಿನ ಪೈನುಗಳನ್ನೂ ಉರುಳಿಸುತ್ತಾರೆಂಬುದು ಅವರ ಭಯ. ಆಗಸ್ಟಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಪಕ್ಷಿಶಾಸ್ತ್ರಜ್ಞರ ಸಭೆಯಲ್ಲಿ ನೀನು ಪೂರ್ತಿ ಹೇಳಬೇಕೋ ಅರ್ಧ ಹೇಳಬೇಕೋ ಎಂದು ನನ್ನನ್ನು ಕೇಳಿದ್ದೀಯೆ.

ಕೇಳಿದೆಯಾದ್ದರಿಂದ ಹೇಳುತ್ತೇನೆ. ಗುರುವಿನ ಮಾತನ್ನು ಮೀರಬೇಡ. ಆತನು ತನ್ನ ಯೌವನವನ್ನೆಲ್ಲ ಒಂದು ಹಕ್ಕಿಗೆ ಧಾರೆಯೆರೆದವನು. ನೀನು ವಿದ್ಯಾರ್ಥಿಯಾಗಿ ಈ ದೇಶದಲ್ಲಿ ನಿಲ್ಲುವ ಅನುಮತಿಯೂ ಅವನ ಆಶ್ರಯಕ್ಕೆ ಅಂಟಿಕೊಂಡಿದೆಯೆಂದು ನಿನ್ನ ಅಣ್ಣ ಹೇಳುತ್ತಾನೆ. ಪದವಿ ಕೈಗೆ ಬಂದ ಮೇಲೆ ಮಿಕ್ಕುದನ್ನು ಹೇಳಲು ಆಯುಷ್ಯವಿದೆ.

ಇಲ್ಲಿ ನನ್ನ ನಿತ್ಯಕರ್ಮಗಳು ಸಾಂಗವಾಗಿವೆ. ಪೂಜೆ ಮುಗಿಸಿ, ನಾನು ಉಣ್ಣುವ ಮುನ್ನ ಹಿತ್ತಿಲಿನ ಬೇಲಿಯ ಮೇಲೆ ಅನ್ನವಿಡುತ್ತೇನೆ. ಪೈನ್ ಮರದಿಂದ ಕಾಗೆಗಳು ಇಳಿಯುತ್ತವೆ. ಮೈಸೂರು ಬಿಟ್ಟಾಗ ನನ್ನ ದೊಡ್ಡ ಚಿಂತೆ ಅದಾಗಿತ್ತು: ಸಮುದ್ರದಾಚೆಯ ಈ ಊರಿನಲ್ಲಿ ನಿನ್ನ ತಾಯಿ ಭದ್ರಮ್ಮನ ಹೆಸರಿನ ತುತ್ತನ್ನು ಯಾವ ಹಕ್ಕಿ ಮುಟ್ಟೀತು? ಮುಟ್ಟಿತು. ಅಷ್ಟು ಸಾಕು.

ನಿನ್ನ ಹಿತವನ್ನೇ ಬಯಸುವ,
ಅನಂತಪದ್ಮನಾಭ

*

ಶಿಬಿರ, ದಕ್ಷಿಣ ಮಿಸಿಸಿಪಿ
೨ ಮಾರ್ಚ್ ೧೯೮೬

ತೀರ್ಥರೂಪರಾದ ಅಪ್ಪನವರಿಗೆ ಮೈಥಿಲಿಯ ನಮಸ್ಕಾರಗಳು.

ನೀವು ಹೇಳಿದಂತೆ ನಾನು ಮಾಡುವುದಿಲ್ಲ. ಇದನ್ನು ಮೊದಲ ಸಾಲಿನಲ್ಲೇ ಬರೆಯುವುದು ಒರಟುತನವೆಂದು ಬಲ್ಲೆ. ಆದರೆ ವಿನಯದ ನಾಲ್ಕು ಸಾಲುಗಳ ಹಿಂದೆ ಅಡಗಿಸಿಟ್ಟರೆ ನೀವು ಅದನ್ನು ಒಪ್ಪಿಗೆಯೆಂದು ಓದುತ್ತೀರಿ.

ಹಾರ್ಲನ್ನರು ದುಷ್ಟರಲ್ಲ. ನಿನ್ನೆ ಕೂಡ ಟ್ರಕ್ಕಿನ ಬಾನೆಟ್ಟಿನ ಮೇಲೆ ನಕ್ಷೆ ಹರಡಿಕೊಂಡು ನನಗೆ ತಿಳಿಯಹೇಳಿದರು: “ನೋಡು ಮೈಥಿಲಿ, ನಿನ್ನ ಸಿಳ್ಳಾರ ಈ ಖಂಡದ ಅರ್ಧಭಾಗದಲ್ಲಿ ಹಾಡುತ್ತದೆ. ನನ್ನ ಹಕ್ಕಿಗೆ ಹೋಗಲು ಬೇರೆ ಜಾಗವಿಲ್ಲ.” ಅದು ನಿಜ. ನಾನೂ ಮರಕುಟಿಗದ ಕಡೆಯವಳೇ. ಓಕ್ ಗಿಡಗಳನ್ನು ನಾನೇ ಕಡಿದಿದ್ದೇನೆ, ಬೆಂಕಿಯನ್ನು ನಾನೇ ಇಟ್ಟಿದ್ದೇನೆ, ಇನ್ನೂ ಇಡುತ್ತೇನೆ. ಆದರೆ ಆ ಬೆಂಕಿಯಿಂದ ಯಾರು ಎದ್ದುಹೋದರೆಂಬುದನ್ನು ನುಂಗಿಕೊಂಡು ಕೂರು ಎಂದರೆ ನನ್ನಿಂದಾಗದು.

ನಾನು ಕೇಳುವುದೂ ದೊಡ್ಡದಲ್ಲ. ಮರಕುಟಿಗಕ್ಕೆ ಬೇಕಾದುದು ದಿಬ್ಬಗಳ ಮೇಲಿನ ಪೈನುಗಳು. ಕೆಳಗೆ ತೊರೆಗಳ ಎರಡು ದಡಗಳಲ್ಲಿ ಓಕ್ ಪೊದೆಗಳನ್ನು ಕಡಿಯದೆ, ಸುಡದೆ ಬಿಟ್ಟರೆ ಸಿಳ್ಳಾರಕ್ಕೂ ನೆಲೆಯಾಗುತ್ತದೆ. ಆದರೆ ಸಿಳ್ಳಾರ ಹೋಯಿತೆಂದು ಮೊದಲು ಹೇಳದೆ, ಅದಕ್ಕೆ ತೊರೆಯ ದಡ ಬಿಡಿ ಎಂದು ಯಾವ ಬಾಯಿಯಿಂದ ಕೇಳಲಿ?

ಇನ್ನು ನಿಮ್ಮ ಕಾಗೆಗಳು. ಎರಡು ವರ್ಷದ ಹಿಂದಿನ ಬೇಸಗೆಯಲ್ಲಿ, ನೀವು ಈ ದೇಶಕ್ಕೆ ಬರುವ ಮುನ್ನ, ನಾನು ಅಲ್ಲಿಗೆ ಬಂದಾಗ ಆ ಪೈನ್ ಮರದಲ್ಲಿ ಬೆಳಗಾದರೆ ಕೆಂದಲೆಯ ಫಿಂಚುಗಳು ಹಾಡುತ್ತಿದ್ದವು, ಬೆಳವಕ್ಕಿ ಗೂಡು ಕಟ್ಟಿತ್ತು. ಹೋದ ಬೇಸಗೆಯಲ್ಲಿ ಕಾಗೆಗಳು ಬೇಲಿಯ ಮೇಲೆ ಪಂಕ್ತಿಯಲ್ಲಿ ಕುಳಿತು ನಿಮ್ಮ ಪೂಜೆ ಮುಗಿಯುವುದನ್ನು ಕಾಯುತ್ತಿದ್ದವು. ಬೇರೊಂದು ದನಿ ಕೇಳಲಿಲ್ಲ. ಹಾರ್ಲನ್ನರು ಕಾಡಿನಲ್ಲಿ ಮಾಡುವುದನ್ನೇ ನೀವು ಹಿತ್ತಿಲಿನಲ್ಲಿ ಮಾಡುತ್ತಿದ್ದೀರಿ, ಅಪ್ಪ. ಅವರು ಕಂಡು ಬಾಯಿ ಮುಚ್ಚಿಕೊಂಡಿದ್ದಾರೆ. ನೀವು ಕಣ್ಣೆತ್ತಿಯೇ ನೋಡಿಲ್ಲ.

ವಿಧೇಯಳಲ್ಲದಿದ್ದರೂ ನಿಮ್ಮ ಮಗಳು,
ಮೈಥಿಲಿ

*

ಕ್ಯಾಂಪ್‌ಬೆಲ್
೧೧ ಮಾರ್ಚ್ ೧೯೮೬

ಮೈಥಿಲಿ,

ನಿನ್ನ ತಾಯಿಗೆ ಇಡುವ ಅನ್ನವನ್ನು ನಿನ್ನ ದುರ್ಬೀನಿನಲ್ಲಿ ಪರೀಕ್ಷಿಸಬೇಡ. ಕಾಡು ನಿನ್ನದು, ಶೋಧನೆ ನಿನ್ನದು, ಹಟವೂ ನಿನ್ನದು. ಹಿತ್ತಿಲು ಮಾತ್ರ ನನ್ನದು. ಆ ಹಕ್ಕಿ ನನಗೆ ಹಕ್ಕಿಯಲ್ಲ. ಇದಕ್ಕಿಂತ ಹೆಚ್ಚು ಬರೆಯಲು ಇಂದು ನನ್ನ ಲೇಖನಿ ಒಪ್ಪುವುದಿಲ್ಲ.

ಅನಂತಪದ್ಮನಾಭ

*

ಕ್ಯಾಂಪ್‌ಬೆಲ್
೧೮ ಮೇ ೧೯೮೬
ಅಕ್ಷಯ ಸಂವತ್ಸರ, ವೈಶಾಖ ಶುದ್ಧ

ಚಿರಂಜೀವಿ ಮೈಥಿಲಿಗೆ ಆಶೀರ್ವಾದಗಳು.

ಯುಗಾದಿಗೂ ನಿನ್ನ ಕಾಗದ ಬರಲಿಲ್ಲ. ನೀನು ಮರಳಿ ಬರೆಯುವಂತೆ ನಾನೂ ಬರೆದಿರಲಿಲ್ಲ. ಈಗ ಬರೆಯಬೇಕಾದುದು ಒದಗಿದೆ.

ಕಳೆದ ವಾರ ಜಪಕ್ಕೆ ಕುಳಿತಿದ್ದೆ. ಹಿತ್ತಿಲಿನಿಂದ ನಿನ್ನ ಅತ್ತಿಗೆ ವೇದವತಿಯ ಕೂಗು ಕೇಳಿತು. ಆಕೆ ಜಪದ ನಡುವೆ ಕೂಗುವವಳಲ್ಲ.

“ಮಾವ, ಬನ್ನಿ ಇಲ್ಲಿ. ನಿಮ್ಮ ಗೆಸ್ಟುಗಳು ಏನ್ ಮಾಡಿದ್ವು ನೋಡಿ ಬನ್ನಿ.”

“ಯಾರಮ್ಮ ನನ್ನ ಗೆಸ್ಟು?”

“ಇನ್ಯಾರು? ದಿನಾ ತುಪ್ಪ ಹಾಕಿ ಬಡಿಸ್ತೀರಲ್ಲ, ಅವ್ರೇ! ಈ ಹೂವಿನ ಬಾಸ್ಕೆಟ್ಟಲ್ಲಿ ಫಿಂಚು ಮರಿ ಮಾಡಿತ್ತು. ನೀರು ಹಾಕಿದ್ರೆ ಮರಿ ನೆನೆಯುತ್ತೆ ಅಂತ ಗಿಡ ಒಣಗಿದ್ರೂ ಪರವಾಗಿಲ್ಲ ಅಂತ ಬಿಟ್ಟಿದ್ದೆ. ಒಂದಾದ್ಮೇಲೆ ಒಂದು ಎತ್ಕೊಂಡ್ ಹೋಯ್ತು. ಪೊರಕೆ ತಗೊಂಡು ಓಡಿದ್ರೆ ಕೇರೇ ಮಾಡ್ಲಿಲ್ಲ.”

“ಕಾಗೆಗಳು ಎಲ್ಲ ಕಡೆಯೂ ಇವೆ, ವೇದವತಿ.”

“ಇರ್ಲಿ ಮಾವ, ಎಲ್ಲ ಕಡೆನೂ ಇರ್ಲಿ. ನಮ್ಮನೇಲಿ ಬ್ರೇಕ್‌ಫಾಸ್ಟು ಮಾಡಿ ಲಂಚು ಪಾರ್ಸೆಲ್ ತಗೊಂಡ್ ಹೋಗಿದ್ದು ನಮ್ಮನೆ ಕಾಗೆನೇ. ಅತ್ತೆ ಇದ್ದಿದ್ರೆ ಈ ಪೊರಕೆ ನಿಮ್ಗೇ ತೋರಿಸ್ತಿದ್ರು.”

ಆಕೆ ಅಳುತ್ತಿದ್ದಳು, ಪೊರಕೆ ಮಾತ್ರ ಕೈಯಲ್ಲಿ ನೆಟ್ಟಗೆ ನಿಂತಿತ್ತು. ಬರಿದಾದ ಗೂಡಿನ ಸುತ್ತ ತಾಯಿಹಕ್ಕಿ ಬಂದು ಬಂದು ಹೋಗುತ್ತಿತ್ತು. ಭದ್ರಮ್ಮನು ಕಾಗೆ, ತಾಯಿಹಕ್ಕಿ ಇವೆರಡರಲ್ಲಿ ಯಾರ ಪಕ್ಷ ವಹಿಸುತ್ತಿದ್ದಳೆಂದು ನನಗೆ ಗೊತ್ತು, ನಿನಗೂ ಗೊತ್ತು. ಆಮೇಲೆ ಪೈನ್ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಪೂರ್ವಾಹ್ನವೆಲ್ಲ ಕುಳಿತೆ. ಕಾಗೆಯ ಹೊರತು ಯಾವುದೂ ಬರಲಿಲ್ಲ. ನಾನು ಇಷ್ಟು ಕಾಲ ಆ ಮರದಲ್ಲಿ ಕಾಗೆಯನ್ನಷ್ಟೇ ಹುಡುಕಿದ್ದೆ. ಆದುದರಿಂದ ಮರ ತುಂಬಿದಂತೆಯೇ ಕಂಡಿತ್ತು.

ಬಲಿಯನ್ನು ನಾನು ನಿಲ್ಲಿಸಿಲ್ಲ, ನಿಲ್ಲಿಸುವುದೂ ಇಲ್ಲ. ಆದರೆ ಈಗ ಅನ್ನವನ್ನು ಡಬ್ಬಿಯಲ್ಲಿ ಹಾಕಿಕೊಂಡು ಲಾಸ್ ಗ್ಯಾಟೋಸ್ ತೊರೆಯ ಕೊಳಗಳ ಬಯಲಿಗೆ ನಡೆದುಹೋಗುತ್ತೇನೆ. ಅಲ್ಲಿ ಗೂಡಿಗೆ ತಕ್ಕ ಮರಗಳಿಲ್ಲ. ಮೊದಲ ದಿನ ಕಾಗೆ ಬರುವುದರೊಳಗೆ ಒಂದು ಬಿಳಿಯ ಕಡಲಹಕ್ಕಿ ಎರಗಿ ಎಲ್ಲವನ್ನೂ ನುಂಗಿತು. “ಅಪ್ಪ, ಹಕ್ಕಿಗಳಿಗೆ ಏನೂ ಹಾಕ್ಬಾರ್ದು ಅಂತ ಅಲ್ಲಿ ಬೋರ್ಡಿದೆ, ಫೈನ್ ಹಾಕ್ತಾರೆ,” ಎಂದು ಗುರುಪ್ರಸಾದ ಹೆದರಿಸಿದ. ಬೋರ್ಡಿನಲ್ಲಿ ಬಾತುಕೋಳಿಯ ಚಿತ್ರವಿದೆ. ಬಾತುಕೋಳಿಗೆ ನಾನು ಏನನ್ನೂ ಹಾಕುತ್ತಿಲ್ಲ ಎಂದೆ.

ಈಗ ನಿನ್ನ ವಿಷಯ. ಫೆಬ್ರವರಿಯಲ್ಲಿ ಕೊಟ್ಟ ಸಲಹೆಯನ್ನು ಹಿಂತೆಗೆದುಕೊಂಡಿದ್ದೇನೆ. ಬಾಲ್ಯದಲ್ಲಿ ನಿನಗೆ ತರ್ಕ ಕಲಿಸುವಾಗ ಹೇಳಿದ ಕ್ರಮವನ್ನು ನೆನೆ: ಎದುರಾಳಿಯ ವಾದವನ್ನು ಮೊದಲು ನೀನೇ ಹೇಳಬೇಕು, ಅವನು ಹೇಳುವುದಕ್ಕಿಂತ ಚೆನ್ನಾಗಿ ಹೇಳಬೇಕು. ಅದು ಪೂರ್ವಪಕ್ಷ. ಅದನ್ನು ಕುಂದಿಸಿದವನ, ಮರೆಸಿದವನ ಸಿದ್ಧಾಂತಕ್ಕೆ ನಮ್ಮ ವಿದ್ವತ್ಸಭೆಗಳಲ್ಲಿ ಕಾಸಿನ ಬೆಲೆಯಿಲ್ಲ. ಹಾರ್ಲನ್ನರು ವಕೀಲರಿಗೆ ಹೆದರಿ ಅವರ ವಾದವನ್ನು ಬಚ್ಚಿಡುತ್ತಿದ್ದಾರೆ. ನೀನು ಅದನ್ನು ಕಸಿದುಕೊಂಡು, ವಕೀಲರಿಗಿಂತ ಮೊದಲು, ಸಭೆಯ ನಡುವೆ ನಿಂತು ಹೇಳು. ಸಿಳ್ಳಾರ ಹೋಯಿತು ಎನ್ನು. ಉಲಿಯಕ್ಕಿ ಹೋಯಿತು ಎನ್ನು. ಆಮೇಲೆ ಉತ್ತರ ಕೊಡು. ಗುರು ಸಿಟ್ಟಾದರೆ ಆಗಲಿ.

ನಿನ್ನ ತಂದೆ,
ಅನಂತಪದ್ಮನಾಭ

*

ಶಿಬಿರ
೧೫ ಜೂನ್ ೧೯೮೬

ಅಪ್ಪನವರಿಗೆ ನಮಸ್ಕಾರಗಳು.

ನಿಮ್ಮ ಕಾಗದವನ್ನು ಓದಿ, ಅತ್ತಿಗೆಯ ಪೊರಕೆಯವರೆಗೆ ಬಂದು, ಮುಂದೆ ಓದಲಾಗದೆ ಮಡಿಸಿಟ್ಟೆ. ಮರುದಿನ ಉಳಿದುದನ್ನು ಓದಿದೆ.

ಸಭೆಯಲ್ಲಿ ಪೂರ್ತಿ ಹೇಳುವುದೆಂದು ಹಾರ್ಲನ್ನರಿಗೆ ತಿಳಿಸಿದ್ದೇನೆ. ಅವರು ಗದರಲಿಲ್ಲ. ಟೋಪಿಯನ್ನು ತೆಗೆದು, ಒಳಗೇನೋ ಬರೆದಿದೆಯೇನೋ ಎಂಬಂತೆ ನೋಡಿ, ಮತ್ತೆ ಹಾಕಿಕೊಂಡರು. “ಹಾಗಾದರೆ ಆಗಸ್ಟಿನ ಮೇಲೆ ಬೇರೆ ಮಾರ್ಗದರ್ಶಕರನ್ನು ಹುಡುಕಿಕೋ,” ಎಂದರು. ನಮ್ಮ ವಿಭಾಗದಲ್ಲಿ ಹಕ್ಕಿಯ ಕೆಲಸಕ್ಕೆ ಅವರೊಬ್ಬರೇ. ಯಾರೂ ಸಿಗದಿದ್ದರೆ ನನ್ನ ವಿದ್ಯಾರ್ಥಿ ವೀಸಾ ಮುಗಿಯುತ್ತದೆ. ಊರಿಗೆ ಬರಿಗೈಯಲ್ಲಿ ಹೋಗಬೇಕಾದೀತು. ಹೋಗುತ್ತೇನೆ. ಅರ್ಧ ಪ್ರಬಂಧವನ್ನು ಹೊತ್ತುಕೊಂಡು ಹೋಗುವುದಕ್ಕಿಂತ ಅದು ಹಗುರ.

ಒಂದು ಬೇಡಿಕೆ. ಸಭೆಗೆ ನೀವು ಬರಬೇಡಿ. ನೀವು ಎದುರಿಗಿದ್ದರೆ ನಾನು ಸಭೆಗೆ ಉತ್ತರ ಹೇಳದೆ ನಿಮಗೆ ಪಾಠ ಒಪ್ಪಿಸಿಬಿಡುತ್ತೇನೆ.

ನಿಮ್ಮ,
ಮೈಥಿಲಿ

*

ಕ್ಯಾಂಪ್‌ಬೆಲ್
೨೪ ಆಗಸ್ಟ್ ೧೯೮೬
ಶ್ರಾವಣ ಬಹುಳ

ಚಿರಂಜೀವಿ ಮೈಥಿಲಿಗೆ ಆಶೀರ್ವಾದಗಳು.

ನೀನು ಬರಬೇಡವೆಂದೆ, ಎದುರಿಗೆ ಇರಬೇಡವೆಂಬುದು ಅದರ ಭಾವ. ನಾನು ಹಿಂದಿನ ಸಾಲಿನಲ್ಲಿದ್ದೆ. ಸಭೆ ಮುಗಿದು ಲಿಫ್ಟಿನ ಬಾಗಿಲಲ್ಲಿ ನೀನು ನನ್ನನ್ನು ಕಂಡು ದಿಗ್ಭ್ರಾಂತಳಾಗಿ, ವಿಮಾನದ ಹೊತ್ತಾಯಿತೆಂದು ಓಡಿದೆ. ಆದುದರಿಂದ ವೇದಿಕೆಯ ಮೇಲಿದ್ದ ನಿನಗೆ ಕಾಣದಿದ್ದುದನ್ನು ಬರೆಯುತ್ತೇನೆ.

ಗುರುಪ್ರಸಾದನು ಆಫೀಸಿಗೆ ರಜೆ ಹಾಕಿ ನನ್ನನ್ನು ಫ್ರೀವೇಯಲ್ಲಿ ಕರೆದೊಯ್ದ. ಕಚ್ಚೆಪಂಚೆ, ಕೋಟು, ಪೇಟ ಧರಿಸಿದ್ದೆ. ದಾರಿಯುದ್ದಕ್ಕೂ ಅವನದು ಒಂದೇ ಉಪದೇಶ: “ಅಪ್ಪ, ಅಲ್ಲಿ ಯಾರೂ ಮಧ್ಯದಲ್ಲಿ ಎದ್ದು ಆಕ್ಷೇಪ ಮಾಡಲ್ಲ. ಇದು ನಿಮ್ಮ ವಾಕ್ಯಾರ್ಥಸಭೆ ಅಲ್ಲ. ಪ್ಲೀಸು, ಸುಮ್ನೆ ಕೂತಿರಿ.”

ನೀನು ಪೂರ್ವಪಕ್ಷವನ್ನು ಹೇಳತೊಡಗಿದಾಗ ಮುಂದಿನ ಸಾಲಿನಲ್ಲಿದ್ದ ಮರದ ಕಂಪನಿಯವನು ಹಿಗ್ಗಿ ಪಕ್ಕದವನನ್ನು ಮೊಣಕೈಯಿಂದ ತಿವಿದ. ಸಿಳ್ಳಾರವು ತೆರವಾದ ಕಾಡನ್ನು ತೊರೆಯಿತೆಂದು ನೀನು ಎಲ್ಲಿಯೂ ತಗ್ಗಿಸದೆ ಹೇಳಿದೆ. ಹಾರ್ಲನ್ನರು ಬಾಗಿಲ ಬಳಿ ನಿಂತಿದ್ದರು. ಅವರು ಪರದೆಯ ಮೇಲಿನ ನಿನ್ನ ಚಿತ್ರಗಳನ್ನು ನೋಡುತ್ತಿರಲಿಲ್ಲ, ಜನರ ಮುಖಗಳನ್ನು ನೋಡುತ್ತಿದ್ದರು. ರೋಗಿಯ ತಂದೆ ವೈದ್ಯನ ಮುಖವನ್ನು ನೋಡುವಂತೆ.

ಆಗ ಕಂಪನಿಯವನು ಎದ್ದು, ಹಾಗಾದರೆ ನಿಮ್ಮ ಮಾತಿನ ಪ್ರಕಾರವೇ ಕಾಡನ್ನು ನಮಗೆ ಬಿಡುವುದು ಸಿಳ್ಳಾರಕ್ಕೆ ಒಳ್ಳೆಯದಲ್ಲವೇ ಎಂದು ನಗುತ್ತ ಕೇಳಿದನಲ್ಲವೇ? ನಾನು ಆಸನದಿಂದ ಅರ್ಧ ಎದ್ದಿದ್ದೆ. ನಿನ್ನ ಅಣ್ಣ ನನ್ನ ಪಂಚೆಯ ಅಂಚನ್ನು ಹಿಡಿದು, “ಕೂತ್ಕೊಳ್ಳಿ ಅಪ್ಪ, ಪಂಚೆ ಬಿಚ್ಚೋಗುತ್ತೆ,” ಎಂದ. ಅಷ್ಟರಲ್ಲಿ ನೀನು ಉತ್ತರ ಕೊಟ್ಟೆ: “ನೀವು ಪೈನನ್ನೂ ಕಡಿಯುತ್ತೀರಿ, ಓಕನ್ನೂ ಕಡಿಯುತ್ತೀರಿ. ನಿಮ್ಮ ಕಂಪನಿ ಕಡಿದ ಬಯಲಿನಲ್ಲಿ ನನಗೆ ಸಿಳ್ಳಾರವೂ ಸಿಗಲಿಲ್ಲ, ಮರಕುಟಿಗವೂ ಸಿಗಲಿಲ್ಲ. ನಾವು ತೊರೆಯ ದಡವನ್ನು ಬಿಟ್ಟರೆ ಎರಡೂ ಸಿಗುತ್ತವೆ.” ಸಭೆ ನಕ್ಕಿತು. ಅವನು ಕುಳಿತ. ನಾನೂ ಕುಳಿತೆ.

ನೀನು ಹೊರಟ ಮೇಲೆ ಹಾರ್ಲನ್ನರನ್ನು ಕಂಡೆ. ವಿದ್ಯಾರ್ಥಿಯ ಮೊದಲ ಸಭಾಪ್ರವೇಶದ ದಿನ ಅವಳ ಮನೆಯವರು ಗುರುವನ್ನು ಗೌರವಿಸದೆ ಹೋಗುವುದುಂಟೆ? ಮತಭೇದ ಬೇರೆ, ಗುರುಋಣ ಬೇರೆ. ನನಗೆ ಮೈಸೂರಿನಲ್ಲಿ ಹೊದಿಸಿದ ಜರಿಶಾಲೊಂದನ್ನು ತಂದಿದ್ದೆ. ತೆಂಗಿನಕಾಯಿಯನ್ನು ವೇದವತಿ ಗ್ರೋಸರಿಯಿಂದ ತರಿಸಿದ್ದಳು. ಕಾಫಿ ಮೇಜಿನ ಪಕ್ಕದಲ್ಲಿ ಶಾಲು ಹೊದಿಸಿ, ಫಲ ಕೊಟ್ಟು, ಕೈಮುಗಿದೆ. ಹಾರ್ಲನ್ನರು ಕೆಂಪಾದರು. ಶಾಲಿನ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿದರು. ಕೊನೆಗೆ, “ನಿಮಗೆ ಇದು ಕಷ್ಟವಾಗಿರಬೇಕು, ಸರ್. ನನಗೆ ಅರ್ಥವಾಗುತ್ತದೆ,” ಎಂದರು. ಕಷ್ಟವೇನು ಬಂತು, ಸಂತೋಷದಿಂದಲೇ ಮಾಡಿದ್ದೇನೆ ಎಂದೆ. ಅವರು ನನ್ನ ಕೈಯನ್ನು ಎರಡು ಕೈಗಳಿಂದ ಹಿಡಿದುಕೊಂಡರು. ಸಜ್ಜನ.

ಸಂತುಷ್ಟನಾದ,
ಅನಂತಪದ್ಮನಾಭ

*

ಶಿಬಿರ
೨೧ ಸೆಪ್ಟೆಂಬರ್ ೧೯೮೬

ಅಪ್ಪನವರಿಗೆ ನಮಸ್ಕಾರಗಳು.

ನೀವು ಮಾಡಿದುದು ಏನೆಂದು ನಿಮಗೆ ತಿಳಿದಿಲ್ಲ. ಕೋಪ ಆರಿದ ಮೇಲೆ ಬರೆಯಬೇಕೆಂದು ಇಷ್ಟು ದಿನ ಕಾದೆ. ಆರಲಿಲ್ಲ.

ನಾನು ಸಭೆಯಿಂದ ಬಂದ ಮೇಲೆ ಹಾರ್ಲನ್ನರು ಕರೆಸಿದರು. ಮುಖದಲ್ಲಿ ಹಿಂದೆಂದೂ ಇಲ್ಲದ ಮೃದುತ್ವ. “ನಿನ್ನ ತಂದೆ ದೊಡ್ಡ ಮನುಷ್ಯರು. ಅಷ್ಟು ಜನರ ಎದುರಿಗೆ ನಿನ್ನ ಪರವಾಗಿ ನನ್ನ ಕ್ಷಮೆ ಕೇಳಿದರು. ನನ್ನ ಮನಸ್ಸು ಕರಗಿತು,” ಎಂದರು. ಅಪ್ಪ, ಈ ದೇಶದಲ್ಲಿ ಶಿಷ್ಯೆ ಎದುರು ನಿಂತು ಮಾತಾಡಿದ ಹೊತ್ತಿನಲ್ಲೇ ತಂದೆ ಬಂದು ಉಡುಗೊರೆ ಕೊಟ್ಟು ಕೈಮುಗಿದರೆ ಅದಕ್ಕೆ ಒಂದೇ ಅರ್ಥ.

“ಅವರು ಕ್ಷಮೆ ಕೇಳಿರಲಾರರು,” ಎಂದೆ. ಅವರು ನಂಬಲಿಲ್ಲ. ಈಗ ಅವರ ಔದಾರ್ಯದ ಷರತ್ತು ಇದು: ಡಿಸೆಂಬರಿನಲ್ಲಿ ಪರೀಕ್ಷಕ ಮಂಡಲಿಯ ಎದುರು, ಸಿಳ್ಳಾರದ ಭಾಗ ಇನ್ನೂ ಪಕ್ವವಾಗಿಲ್ಲ, ಅದನ್ನು ಹಿಂತೆಗೆದುಕೊಳ್ಳುತ್ತೇನೆ ಎಂದು ನಾನು ಹೇಳಬೇಕು. ಹೇಳಿದರೆ ಎಲ್ಲವೂ ಮೊದಲಿನಂತೆ. ಹೇಳದಿದ್ದರೆ ಜನವರಿಯಿಂದ ನಾನು ಅವರ ವಿದ್ಯಾರ್ಥಿನಿಯಲ್ಲ.

ಸಭೆಯ ಮರುದಿನವೇ ಅವರು ನನ್ನನ್ನು ಹೊರಹಾಕಿದ್ದರೆ ತಲೆಯೆತ್ತಿ ಹೋಗುತ್ತಿದ್ದೆ. ಈಗ ತಂದೆಯೇ ಬಾಗಿದ ಮೇಲೆ ಮಗಳದೇನು ಜಂಬವೆಂದು ಶಿಬಿರದಲ್ಲೆಲ್ಲ ಮಾತು. ನಾನು ನಿಂತ ನೆಲವನ್ನು ನೀವು ಜರಿಶಾಲಿನಿಂದ ಮುಚ್ಚಿದಿರಿ.

ಮೈಥಿಲಿ

*

ಕ್ಯಾಂಪ್‌ಬೆಲ್
೧೨ ಅಕ್ಟೋಬರ್ ೧೯೮೬
ಆಶ್ವಯುಜ ಶುದ್ಧ ದಶಮಿ

ಚಿರಂಜೀವಿ ಮೈಥಿಲಿಗೆ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಆಚಾರ ನನ್ನದು, ಅರ್ಥ ಅವರದು. ನಡುವೆ ನೆಲ ಕಳೆದುಕೊಂಡವಳು ನೀನು. ಅದನ್ನು ನಾನೇ ಮರಳಿ ಕೊಡಿಸಬೇಕು.

ಇಂದು ವಿಜಯದಶಮಿ. ಹಾರ್ಲನ್ನರಿಗೆ ನಾನೇ ಇಂಗ್ಲಿಷಿನಲ್ಲಿ ಬರೆದಿದ್ದೇನೆ. ತಿದ್ದಿಕೊಡೆಂದು ಗುರುಪ್ರಸಾದನ ಕೈಗೆ ಕೊಟ್ಟೆ. ಓದಿ ಬೆವರಿದ.

“ಅಪ್ಪ, ಇದನ್ನ ಪೋಸ್ಟ್ ಮಾಡಿದ್ರೆ ಅವಳ ವೀಸಾ ಗ್ಯಾರಂಟಿ ಹೋಯ್ತು. ಆ ಮನುಷ್ಯ ಅಪಾಲಜಿ ಅಂದ್ಕೊಂಡಿದ್ದಾನೆ. ಅಂದ್ಕೊಳ್ಲಿ ಬಿಡಿ! ನಿಮ್ಗೇನು ನಷ್ಟ?”

“ನಾನು ಮಾಡದ ಕ್ಷಮಾಪಣೆಯ ನೆರಳಿನಲ್ಲಿ ನನ್ನ ಮಗಳು ಪದವಿ ಪಡೆಯಬೇಕೆ?”

“ಪ್ರಿನ್ಸಿಪಲ್ಸು ಹೊಟ್ಟೆ ತುಂಬಿಸುತ್ತಾ ಅಪ್ಪ?”

ಆಗ ವೇದವತಿ ಅಡಿಗೆಮನೆಯಿಂದಲೇ, “ರೀ, ಸ್ಪೆಲ್ಲಿಂಗು ಮಾತ್ರ ನೋಡಿ ಕೊಡಿ ಸಾಕು. ಸ್ಟ್ಯಾಂಪು ಟೇಬಲ್ ಮೇಲಿದೆ,” ಎಂದಳು. ಅಲ್ಲಿಗೆ ನಿನ್ನ ಅಣ್ಣನ ವಾದ ಮುಗಿಯಿತು.

ಬರೆದುದರ ತಾತ್ಪರ್ಯ ಇದು: ‘ಆ ಶಾಲು ವಿದ್ಯೆ ಕೊಟ್ಟುದಕ್ಕೆ ಸಂದ ಗೌರವ. ನನ್ನ ಮಗಳು ಆ ವಿದ್ಯೆಯನ್ನು ನಿಮ್ಮೆದುರಿಗೇ ಬಳಸಿದಳೆಂಬುದು ನಿಮಗೆ ಸಂದ ಇನ್ನೂ ದೊಡ್ಡ ಗೌರವ. ನಾನು ಕ್ಷಮೆ ಕೇಳಿಲ್ಲ. ಕೇಳುವಂಥ ಅಪರಾಧವನ್ನು ಅವಳು ಮಾಡಿಲ್ಲ. ಕ್ಷಮೆಯೆಂದು ತಿಳಿದು ಅದನ್ನು ಇಟ್ಟುಕೊಂಡಿದ್ದರೆ ದಯವಿಟ್ಟು ಹಿಂದಕ್ಕೆ ಕಳುಹಿಸಿ. ಗೌರವವೆಂದಾದರೆ ಅದು ನಿಮ್ಮದೇ, ನನ್ನ ಮಗಳನ್ನು ನೀವು ಹೊರಹಾಕಿದರೂ ನಿಮ್ಮದೇ. ನಿಮ್ಮ ಹಕ್ಕಿಯನ್ನು ಅವಳು ಸೋಲಿಸುತ್ತಿದ್ದಾಳೆಂದು ನೀವು ತಿಳಿದಿದ್ದೀರಿ. ಮುಚ್ಚಿಟ್ಟುದನ್ನು ಎದುರಾಳಿ ಬಿಚ್ಚಿದ ದಿನ ನಿಮ್ಮ ಹಕ್ಕಿ ಸೋಲುತ್ತದೆ.’

ಆ ಶಾಲನ್ನು ಹೊದ್ದು ನಾನೇ ಅಂಚೆಯವರೆಗೆ ನಡೆಯುವ ಆಸೆಯಿತ್ತು. ಶಾಲು ಅವರ ಬಳಿಯಿದೆ. ಕಾಗದ ಹೋಯಿತು.

ಡಿಸೆಂಬರಿನಲ್ಲಿ ಏನು ಹೇಳಬೇಕೆಂದು ಈ ಸಲ ನೀನು ಕೇಳಿಲ್ಲ, ನಾನೂ ಹೇಳುವುದಿಲ್ಲ. ಈ ಮನೆಯಲ್ಲಿ ನಿನಗೊಂದು ಕೋಣೆಯಿದೆ, ಮೈಸೂರಿನಲ್ಲಿ ಬಂಧುಗಳಿದ್ದಾರೆ. ನೀನು ಎಲ್ಲಿಂದ ಹೊರಬಿದ್ದರೂ ಬೀದಿಗೆ ಬೀಳುವುದಿಲ್ಲ. ಅದಿಷ್ಟನ್ನು ತಿಳಿದುಕೊಂಡು ನಿಲ್ಲು.

ನಿನ್ನ ತಂದೆ,
ಅನಂತಪದ್ಮನಾಭ

*

ಶಿಬಿರ
೮ ಮಾರ್ಚ್ ೧೯೮೭

ಅಪ್ಪನವರ ಪಾದಗಳಿಗೆ ಮೈಥಿಲಿಯ ನಮಸ್ಕಾರಗಳು.

ಜನವರಿಯಲ್ಲಿ ಕಳುಹಿಸಿದ ಎರಡು ಸಾಲುಗಳಲ್ಲಿ ಹಿಂತೆಗೆದುಕೊಳ್ಳಲಿಲ್ಲವೆಂದಷ್ಟೇ ಬರೆದಿದ್ದೆ. ಉಳಿದುದನ್ನು ಬರೆಯಲು ಈಗ ಬಿಡುವಾಯಿತು.

ಮಂಡಲಿಯ ಎದುರು ಹಾರ್ಲನ್ನರು ನನ್ನ ಕಡೆ ತಿರುಗಿ, “ಹೇಳುವುದಿದೆಯೆ?” ಎಂದರು. ಇದೆ ಎಂದು, ಸಿಳ್ಳಾರದ ಭಾಗವನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಅವರು ನನ್ನ ಪ್ರಬಂಧದಿಂದ ತಮ್ಮ ಹೆಸರನ್ನು ತೆಗೆಸಿದರು. ನಿಮ್ಮ ಕಾಗದ ತಲುಪಿತೆಂದು ಅವರು ಹೇಳಲಿಲ್ಲ. ಶಾಲನ್ನು ಹಿಂದಿರುಗಿಸಲೂ ಇಲ್ಲ. ಆದರೆ ಅಕ್ಟೋಬರಿನ ಮೇಲೆ ಕ್ಷಮೆಯ ಮಾತನ್ನು ಅವರು ಮತ್ತೆ ಎತ್ತಲಿಲ್ಲ, ಶಿಬಿರದಲ್ಲಿ ಬೇರೆಯವರನ್ನೂ ಎತ್ತಗೊಡಲಿಲ್ಲ. ನನ್ನ ನೆಲ ನನಗೆ ಬಂತು.

ಮಣ್ಣಿನ ವಿಷಯ ಕಲಿಸುವ ಅಧ್ಯಾಪಕಿಯೊಬ್ಬರು, ನನಗೆ ಹಕ್ಕಿಗಳ ಗಂಧವಿಲ್ಲ, ಆದರೆ ವೀಸಾ ಕಾಗದಕ್ಕೆ ರುಜು ಹಾಕಲು ಬರುತ್ತದೆ ಎಂದು ನಕ್ಕು ನನ್ನನ್ನು ಸೇರಿಸಿಕೊಂಡಿದ್ದಾರೆ. ಅದು ಒಂದು ವರ್ಷಕ್ಕೆ. ಆಮೇಲಿನದು ಗೊತ್ತಿಲ್ಲ. ನ್ಯಾಯಾಲಯದಲ್ಲಿ ಕಂಪನಿಯ ವಕೀಲರು ನನ್ನ ಮಾತಿನ ಮೊದಲರ್ಧವನ್ನು ಓದಿದರಂತೆ. ಹಾರ್ಲನ್ನರು ಭಯಪಟ್ಟದ್ದು ಸುಳ್ಳಾಗಲಿಲ್ಲ. ತೀರ್ಪು ಬಂದಿಲ್ಲ. ಅದನ್ನೂ ನಿಮಗೆ ಮುಚ್ಚಿಡದೆ ಬರೆಯುತ್ತಿದ್ದೇನೆ.

ನಿನ್ನೆ ಈ ಋತುವಿನ ಸುಡುವ ಕೆಲಸವಿತ್ತು. ನನಗೆ ಈಗ ಅಲ್ಲಿ ಅಧಿಕಾರವಿಲ್ಲ, ಆದರೂ ಹೋದೆ. ದಿಬ್ಬದ ಮೇಲಿನಿಂದ ಬೆಂಕಿಯ ಸಾಲು ಚೆನ್ನಾಗಿ ಇಳಿಯುತ್ತಿತ್ತು. ಒಂದು ಮರಕುಟಿಗದ ಜೋಡಿ ಹೊಗೆಯ ಮೇಲೆ, ಏನೂ ಆಗಿಲ್ಲವೆಂಬಂತೆ, ತೊಗಟೆಯನ್ನು ಕುಟ್ಟುತ್ತಿತ್ತು. ನಾನು ಕೆಳಗೆ ಹೋಗಿ ತೊರೆಯ ದಡದಲ್ಲಿ, ಓಕ್ ಪೊದೆಗಳ ಮುಂದೆ ನಿಂತೆ.

ಕೆಲಸದವರ ಮುಖಂಡ ಬಂದು, “ಮಿಸ್, ಪಕ್ಕಕ್ಕೆ ಬನ್ನಿ. ನೀರಿನವರೆಗೂ ಸುಡಬೇಕೆಂದು ಆದೇಶವಿದೆ,” ಎಂದ.

“ಯಾರ ಆದೇಶ?”

ಅವನು ನನ್ನ ಹಿಂದೆ ನೋಡಿದ. ಹಾರ್ಲನ್ನರು ತೊರೆಯ ಗುಂಟ ನಡೆದುಬರುತ್ತಿದ್ದರು. ಕೈಯಲ್ಲಿ ಉರಿಯುವ ಎಣ್ಣೆಯ ದೊಂದಿಯಿತ್ತು. ನನ್ನಿಂದ ಹತ್ತು ಮಾರು ದೂರದಲ್ಲಿ ನಿಂತರು. ಪೊದೆಗಳನ್ನು ನೋಡಿದರು, ದಿಬ್ಬದ ಪೈನುಗಳನ್ನು ನೋಡಿದರು. ಬೆಂಕಿ ಇಳಿಯುವ ಸದ್ದು ಹತ್ತಿರವಾಗುತ್ತಿತ್ತು. ಆಮೇಲೆ ದೊಂದಿಯನ್ನು ನೆಟ್ಟಗೆ ಮಾಡಿ ಆರಿಸಿ, ಬೂಟುಗಾಲಿನಿಂದ ತರಗೆಲೆಗಳ ಮೇಲೆ ಉದ್ದಕ್ಕೂ ಒಂದು ಗೆರೆ ಎಳೆದರು.

“ಇಲ್ಲಿಗೆ ನಿಲ್ಲಿಸಿ,” ಎಂದು ಮುಖಂಡನಿಗೆ ಹೇಳಿದರು. “ಇದರ ಕೆಳಗೆ ಬೇಡ.”

ಜನರು ಸಲಿಕೆ ಹಿಡಿದು ಆ ಗೆರೆಯನ್ನು ಅಗಲಿಸತೊಡಗಿದರು. ಹಾರ್ಲನ್ನರು ನನ್ನ ಕಡೆ ನೋಡಲಿಲ್ಲ. ಅವರಿಗೆ ಹಿಂದಿರುಗಲು ನಾನು ನಿಂತಿದ್ದ ಕಾಲುದಾರಿಯೊಂದೇ ಇತ್ತು. ನಾನು ಪಕ್ಕಕ್ಕೆ ಸರಿಯಲಿಲ್ಲ. ಅವರು ಮೊಣಕಾಲವರೆಗೆ ನೀರಿಗಿಳಿದು, ನನ್ನನ್ನು ಸುತ್ತಿ ಬಳಸಿಕೊಂಡು ಮೇಲೆ ಹೋದರು.

ನಿಮ್ಮ ಮಗಳು,
ಮೈಥಿಲಿ